ಒಂದು ಘಟನೆ ಹೇಳಿ ಅಂದರೆ ನನ್ನ ಹತ್ತಿರ ಇಲ್ಲ

"ಎಲ್ಲರೂ ಒಂದೊಂದು ನೆನಪು ಹಂಚಿಕೊಳ್ಳಿ" ಅಂತ ಮೈಕ್ ಹಿಡಿದು ಹೇಳುವವರ ಮೇಲೆ ನನಗೆ ಯಾಕಿಷ್ಟು ಸಿಟ್ಟು ಅಂತ ಇವತ್ತು ಬರೆದೇ ಬಿಡುತ್ತೇನೆ. ಉದ್ದ ಇದೆ. ಬೇಜಾರಾದರೆ ಸುಮ್ನೆ ಲೈಕ್ ಒತ್ತಿ ಮುಂದೆ ಹೋಗಿ.

ನಿನ್ನೆ ಆಫೀಸಿನಲ್ಲಿ ಒಬ್ಬರ ಬೀಳ್ಕೊಡುಗೆ. ನನಗೆ ಕೆಲಸ ಕಲಿಸಿದವರು. ಒಬ್ಬೊಬ್ಬರಾಗಿ ಎದ್ದು ಅವರ ಜೊತೆಗಿನ ಒಂದು ಘಟನೆ ಹೇಳಬೇಕಂತೆ. ಒಬ್ಬರು ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡ ಕಥೆ ಹೇಳಿದರು. ಇನ್ನೊಬ್ಬರು ವರ್ಷದ ಲೆಕ್ಕ ಮುಗಿಸಲು ರಾತ್ರಿಯಿಡೀ ಕೂತ ಕಥೆ ಹೇಳಿದರು. ಅದರಲ್ಲಿ ನಾನೂ ಇದ್ದೆನಂತೆ. ನಡುರಾತ್ರಿ ಕರೆಂಟ್ ಹೋದಾಗ ನಾನೇನೋ ತಮಾಷೆ ಮಾಡಿದೆನಂತೆ. ಎಲ್ಲರೂ ನನ್ನ ಕಡೆ ತಿರುಗಿ ನಕ್ಕರು. ನಾನೂ ನಕ್ಕೆ. ಆ ರಾತ್ರಿಯ ಒಂದು ಚೂರೂ ನನ್ನ ತಲೆಯಲ್ಲಿಲ್ಲ.

ನನ್ನ ಸರದಿ ಬಂತು. ನಾನು ಅವರ ಬಗ್ಗೆ ಗೊತ್ತಿದ್ದದ್ದು ಹೇಳಿದೆ. ತಪ್ಪು ಕಂಡರೆ ಎಲ್ಲರೆದುರು ಎತ್ತಿ ಆಡುವವರಲ್ಲ. ಪಕ್ಕಕ್ಕೆ ಕರೆದು, ಪೆನ್ಸಿಲಿನಲ್ಲಿ ಸಣ್ಣ ಚುಕ್ಕೆ ಇಟ್ಟು ತೋರಿಸುತ್ತಾರೆ. ಪೆನ್ನು ಬಳಸುವುದಿಲ್ಲ, ಯಾಕಂದರೆ ಆಮೇಲೆ ಅಳಿಸಬೇಕಲ್ಲ, ಬೇರೆಯವರಿಗೆ ಗೊತ್ತಾಗಬಾರದಲ್ಲ. ಮೊತ್ತ ಕೂಡುವಾಗ ಮೇಲಿನಿಂದ ಕೆಳಗೆ ಒಂದು ಸಲ, ಕೆಳಗಿನಿಂದ ಮೇಲೆ ಒಂದು ಸಲ. ಕಂಪ್ಯೂಟರ್ ಕೂಡಿಕೊಟ್ಟಿದ್ದರೂ ಅಷ್ಟೇ. ನಾನೂ ಇವತ್ತಿನವರೆಗೆ ಹಾಗೇ ಕೂಡುತ್ತೇನೆ ಅಂತ ಹೇಳಿ ಕೂತೆ.

ಹೊರಗೆ ಬರುವಾಗ ಒಬ್ಬರು ಹತ್ತಿರ ಬಂದು, "ಇಷ್ಟು ವರ್ಷ ಪಕ್ಕದ ಮೇಜಿನಲ್ಲಿದ್ದು ಒಂದೇ ಒಂದು ಘಟನೆ ಹೇಳೋಕಾಗ್ಲಿಲ್ವಾ ಮೇಡಂ? ಪಾಪ, ಅವ್ರಿಗೆ ಎಷ್ಟು ಬೇಜಾರಾಗಿರಬೇಡ" ಅಂದರು.

ಸ್ವಾಮಿ, ಅವರಿಗೆ ಬೇಜಾರಾಗಿರಲಿಲ್ಲ. ಬೇಜಾರಾಗಿದ್ದು ನಿಮಗೆ. ನಿಮಗೆ ಕಥೆ ಬೇಕಿತ್ತು.

ನನ್ನ ತಕರಾರು ಇಷ್ಟೇ. ಜನ ಎರಡು ಬೇರೆ ವಿಷಯವನ್ನು ಒಂದು ಮಾಡಿ ಗಂಟು ಹಾಕಿಬಿಟ್ಟಿದ್ದಾರೆ. ನೆನಪಿದ್ದರೆ ಅಕ್ಕರೆ ಇದೆ. ನೆನಪಿಲ್ಲ ಅಂದರೆ ಅಕ್ಕರೆ ಇಲ್ಲ. ಬಾಲ್ಯದ ಗೆಳತಿಗೆ "ಇಲ್ಲ ಕಣೇ, ನೆನಪಾಗ್ತಿಲ್ಲ" ಅಂದ ಮರುಕ್ಷಣ ನಾನು ಬದಲಾದವಳು, ದೊಡ್ಡ ಮನುಷ್ಯಳು, ಹಳೆಯದನ್ನೆಲ್ಲ ಮರೆತವಳು. ಕೊನೆಯದೊಂದು ನಿಜ. ಉಳಿದದ್ದು ಸುಳ್ಳು.

ಹತ್ತಿರದವರಿಗೆ ನನ್ನ ಅವಸ್ಥೆ ಗೊತ್ತೇ ಇದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ನಾನು ಬೀಗದ ಕೈ ಎಲ್ಲಿಟ್ಟೆ ಅಂತ ಹುಡುಕುವವಳಲ್ಲ. ಫೋನ್ ನಂಬರ್‌ಗಳು ಬಾಯಿಗೆ ಬರುತ್ತವೆ. ಹೋದ ವರ್ಷದ ಲೆಕ್ಕದಲ್ಲಿ ಯಾವ ಮೊತ್ತ ಯಾವ ಪುಟದಲ್ಲಿತ್ತು ಅಂತ ಕೇಳಿ, ಹೇಳುತ್ತೇನೆ. ಆದರೆ ನನ್ನ ಮದುವೆ? ಆಯಿತು ಅಂತ ಗೊತ್ತು. ಯಾವ ತಾರೀಕು ಗೊತ್ತು. ಯಾರು ಬಂದಿದ್ದರು ಗೊತ್ತು, ಆಲ್ಬಮ್ ಇದೆಯಲ್ಲ. ಅವತ್ತು ನಾನು ಅಲ್ಲಿ ನಿಂತು ಕಂಡದ್ದು, ಕೇಳಿದ್ದು, ಹೊಟ್ಟೆಯೊಳಗೆ ಆಗಿರಬಹುದಾದ ತಳಮಳ, ಇದ್ಯಾವುದೂ ಇಲ್ಲ. ನನ್ನ ಬದುಕು ನನಗೆ ಬಯೋಡಾಟಾ ತರಹ ಗೊತ್ತು. ಹುಟ್ಟಿದ್ದು, ಓದಿದ್ದು, ಕೆಲಸ, ಮದುವೆ, ಮಗಳು. ಎಲ್ಲ ಸರಿಯಾಗಿಯೇ ಇದೆ. ಒಳಗೆ ಹೋಗಿ ನೋಡಲು ಬಾಗಿಲಿಲ್ಲ, ಅಷ್ಟೇ.

ಇದು ನನ್ನೊಬ್ಬಳ ಹುಚ್ಚು ಅಂದುಕೊಂಡಿದ್ದೆ. ಅಲ್ಲವಂತೆ. ಎಂಡೆಲ್ ಟುಲ್ವಿಂಗ್ ಅನ್ನುವ ಮನಃಶಾಸ್ತ್ರಜ್ಞ 1972ರಲ್ಲೇ ನೆನಪನ್ನು ಎರಡಾಗಿ ಬಿಡಿಸಿ ತೋರಿಸಿದ್ದರು. ಸಂಗತಿಗಳನ್ನು ತಿಳಿದಿರುವುದು ಒಂದು. ನಡೆದದ್ದನ್ನು ಮತ್ತೆ ಒಳಗಿನಿಂದ ಅನುಭವಿಸುವುದು ಇನ್ನೊಂದು. ಒಂದು ಚೆನ್ನಾಗಿದ್ದು ಇನ್ನೊಂದು ಸೊರಗಿರಬಹುದು. 2015ರಲ್ಲಿ ಟೊರಾಂಟೊದ ಬ್ರಯಾನ್ ಲೆವೀನ್ ಮತ್ತು ಜೊತೆಗಾರರು ಇಂಥ ಮೂವರ ಬಗ್ಗೆ ಬರೆದರು. ತಲೆಗೆ ಪೆಟ್ಟು ಬಿದ್ದಿಲ್ಲ, ಕಾಯಿಲೆ ಇಲ್ಲ, ಬುದ್ಧಿಗೇನೂ ಕಮ್ಮಿಯಿಲ್ಲ, ಕೆಲಸ, ದಿನದ ಬದುಕು ಎಲ್ಲ ನಡೆಸಿಕೊಂಡು ಹೋಗುತ್ತಿದ್ದವರು. ಆದರೆ ತಮ್ಮ ಬದುಕಿನ ಒಂದು ಗಳಿಗೆಗೂ ವಾಪಸ್ ಹೋಗಲಾರರು. ಅದಕ್ಕೆ ಎಸ್‌ಡಿಎಎಂ (ಸಿವಿಯರ್ಲಿ ಡೆಫಿಷಿಯೆಂಟ್ ಆಟೋಬಯೋಗ್ರಾಫಿಕಲ್ ಮೆಮೊರಿ, ಅಂದರೆ ಸ್ವಂತ ಬದುಕಿನ ನೆನಪು ತೀರಾ ಕಮ್ಮಿ ಇರುವುದು) ಅಂತ ಹೆಸರಿಟ್ಟರು. ನನಗೂ ಅದೇ ಅಂತ ಯಾವ ಡಾಕ್ಟರೂ ಬರೆದುಕೊಟ್ಟಿಲ್ಲ. ಕೊಟ್ಟರೂ ಏನು ಮಾಡಲಿ, ಬೀಳ್ಕೊಡುಗೆಗೆ ಹೋಗುವಾಗ ಕೊರಳಿಗೆ ಹಾಕಿಕೊಳ್ಳಲಾ?

ಇಲ್ಲಿಗೆ ಬಂದ ಕೂಡಲೇ ಒಬ್ಬರು ಶುರು ಮಾಡುತ್ತಾರೆ. "ಅಯ್ಯೋ, ಎಲ್ಲರೂ ಮರೀತಾರೆ ಬಿಡಿ, ನಂಗೂ ನೆನ್ನೆ ಏನಾಯ್ತು ಅಂತಾನೇ ನೆನಪಿರಲ್ಲ." ಹೀಗೆ ಹೇಳಿದವರೇ ಮುಂದಿನ ಅರ್ಧ ಗಂಟೆ ತಮ್ಮ ಆರನೇ ಕ್ಲಾಸಿನ ಪ್ರವಾಸವನ್ನು, ಬಸ್ಸಿನಲ್ಲಿ ಕಿಟಕಿ ಪಕ್ಕ ಯಾರು ಕೂತಿದ್ದರು ಅನ್ನುವ ಸಮೇತ, ವರ್ಣಿಸುತ್ತಾರೆ.

ಇನ್ನೊಬ್ಬರದ್ದು ಸಲಹೆ. "ಫೋಟೋ ತೆಗೆದಿಡಿ, ಡೈರಿ ಬರೀರಿ." ಫೋಟೋ ಇದೆ ತಾಯಿ, ಸಾವಿರಗಟ್ಟಲೆ ಇದೆ. ಇದೇ ಫೇಸ್‌ಬುಕ್ ದಿನಾ ಬೆಳಗ್ಗೆ ಒಂದು ಹಳೇ ಫೋಟೋ ತಂದು ಮುಂದೆ ಹಿಡಿಯುತ್ತದೆ. ನೋಡಿ "ಓ, ಹೌದಾ?" ಅನ್ನುತ್ತೇನೆ. ನಾನು ಅಲ್ಲಿದ್ದೆ ಅನ್ನುವುದಕ್ಕೆ ಫೋಟೋ ಪುರಾವೆ. ಇದ್ದದ್ದು ಹೇಗಿತ್ತು ಅಂತ ಅದು ಹೇಳಲ್ಲ. ನೆನಪು ಚೆನ್ನಾಗಿರುವವರಿಗೂ ಅದು ಅಷ್ಟೇನೂ ಉಪಕಾರ ಮಾಡುವಂತಿಲ್ಲ. ಲಿಂಡಾ ಹೆಂಕೆಲ್ ಅನ್ನುವವರು ಮ್ಯೂಸಿಯಮ್ಮಿನಲ್ಲಿ ಜನರನ್ನು ಓಡಾಡಿಸಿ ಪರೀಕ್ಷೆ ಮಾಡಿ 2014ರಲ್ಲಿ ಪ್ರಕಟಿಸಿದ್ದಾರೆ. ಸುಮ್ಮನೆ ನಿಂತು ನೋಡಿದ ವಸ್ತುಗಳಿಗಿಂತ ಪೂರ್ತಿ ಫೋಟೋ ತೆಗೆದುಕೊಂಡ ವಸ್ತುಗಳು ಅವರಿಗೆ ಕಡಿಮೆ ನೆನಪಿದ್ದವು. ಡೈರಿಯೂ ಇದೆ. ಓದಿದರೆ ಯಾರೋ ನನ್ನ ಕೈಬರಹದಲ್ಲಿ ಬರೆದಿಟ್ಟ ಹಾಗಿರುತ್ತದೆ. ಪರವಾಗಿಲ್ಲ, ಹುಡುಗಿ ಚೆನ್ನಾಗಿ ಬರೆಯುತ್ತಿದ್ದಳು.

ಮೂರನೆಯವರು ಇನ್ನೂ ಅಪಾಯ. "ನೀವು ಪುಣ್ಯವಂತರು ಬಿಡಿ, ಮರೆವು ದೊಡ್ಡ ವರ." ಇದರಲ್ಲಿ ಸ್ವಲ್ಪ ನಿಜ ಇದೆ, ಒಪ್ಪುತ್ತೇನೆ. ಎಲ್ಲವೂ ನೆನಪಿರುವವರ ಪಾಡು ಸುಖವಲ್ಲ. ಯಾವ ತಾರೀಕು ಹೇಳಿದರೂ ಅವತ್ತು ಏನಾಯಿತು ಅಂತ ಹೇಳಬಲ್ಲ ಹೆಂಗಸೊಬ್ಬರ ಬಗ್ಗೆ 2006ರಲ್ಲಿ ಸಂಶೋಧಕರು ಬರೆದರು. ಆಕೆ ಅದನ್ನು ಹೊರೆ ಅಂತಲೇ ಹೇಳಿಕೊಂಡಿದ್ದರು. ತಲೆಯೊಳಗೆ ಬಿಡುವೇ ಇಲ್ಲದೆ ಓಡುತ್ತಿರುತ್ತದಂತೆ. ಸರಿ. ಆದರೆ ನನಗೆ ನೋವಿನ ನೆನಪು ಮಾತ್ರ ಅಳಿಸಿ, ಖುಷಿಯದ್ದು ಉಳಿಸಿ ಅಂತ ಯಾರೂ ಆರಿಸಿಕೊಟ್ಟಿಲ್ಲ. ಎರಡೂ ಹೋಗಿವೆ. ವರ ಅನ್ನುವವರು ತಮ್ಮದರಲ್ಲಿ ಅರ್ಧ ಕೊಟ್ಟು ನೋಡಲಿ.

ಮನೆಯಲ್ಲಿ ಜಗಳವಾದಾಗ ಈ ವರದ ಬೆಲೆ ಗೊತ್ತಾಗುತ್ತದೆ. ನಮ್ಮ ಮನೆಯವರ ಹತ್ತಿರ ಎಲ್ಲಕ್ಕೂ ದಾಖಲೆ. "ಅವತ್ತು ನಿಮ್ಮ ಅಕ್ಕನ ಮನೆಯಿಂದ ಬರುವಾಗಲೂ ನೀನು ಹೀಗೇ ಅಂದೆ, ಕಾರಿನಲ್ಲಿ, ಸಿಗ್ನಲ್ ಹತ್ತಿರ." ನನ್ನ ಹತ್ತಿರ ಏನಿದೆ? "ನೀವು ಯಾವಾಗಲೂ ಹೀಗೇ." ಅದಕ್ಕೆ ತಕ್ಷಣ, "ಯಾವಾಗ? ಒಂದು ಉದಾಹರಣೆ ಕೊಡು." ಮುಗೀತು. ಸೋತೆ. ನನಗೆ ನೋವಾಗಿದ್ದು ಗೊತ್ತು, ಎಷ್ಟೋ ಸಲ ಆಗಿದ್ದು ಗೊತ್ತು, ಉದಾಹರಣೆ ಇಲ್ಲ. ಉದಾಹರಣೆ ಇಲ್ಲದವರ ನೋವು ನೋವಲ್ಲವಂತೆ. ನೋಡಿ, ಮತ್ತೆ ಅಲ್ಲಿಗೇ ಬಂತು.

ಈ ನೆನಪಿನ ಶೂರರನ್ನು ಪೂರ್ತಿ ನಂಬಬಹುದಾ ಅಂದರೆ ಅದೂ ಇಲ್ಲ. ನನ್ನ ಎಡ ಮೊಣಕಾಲಿನ ಕೆಳಗೆ ಒಂದು ಗಾಯದ ಗುರುತಿದೆ. ಹೆಬ್ಬೆರಳಿನ ಉಗುರಿನಷ್ಟು, ಒಂದು ಬದಿ ಸ್ವಲ್ಪ ಸೊಟ್ಟ. ಅಕ್ಕನ ಪ್ರಕಾರ ನಾನು ಸೈಕಲ್ಲಿನಿಂದ ಬಿದ್ದದ್ದು. ತಮ್ಮನ ಪ್ರಕಾರ ಗೇಟು ಹತ್ತುವಾಗ ಚುಚ್ಚಿದ್ದು. ಇಬ್ಬರೂ ಪಕ್ಕದಲ್ಲೇ ಇದ್ದರಂತೆ. ಇಬ್ಬರಿಗೂ ಕಣ್ಣಿಗೆ ಕಟ್ಟಿದ ಹಾಗಿದೆಯಂತೆ. ರಕ್ತ ಒರೆಸಿದ ಬಟ್ಟೆಯ ಬಣ್ಣ ಕೂಡ ಹೇಳುತ್ತಾರೆ, ಬೇರೆ ಬೇರೆ ಬಣ್ಣ. ಸೇರಿದಾಗಲೆಲ್ಲ ಇದೇ ಜಗಳ. ಕಾಲು ನನ್ನದು, ಆದರೆ ನನ್ನನ್ನು ಯಾರೂ ಕೇಳಲ್ಲ. ಕೇಳಿದರೂ ಹೇಳಲು ಏನೂ ಇಲ್ಲ ಅನ್ನುವುದು ಬೇರೆ ಮಾತು.

1986ರಲ್ಲಿ ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿದಾಗ, ಅಮೆರಿಕದಲ್ಲಿ ಉಲ್ರಿಕ್ ನೈಸರ್ ಅನ್ನುವವರು ಮರುದಿನವೇ ವಿದ್ಯಾರ್ಥಿಗಳಿಂದ, ಸುದ್ದಿ ಕೇಳಿದಾಗ ಎಲ್ಲಿದ್ದಿರಿ, ಯಾರ ಜೊತೆಗಿದ್ದಿರಿ ಅಂತ ಬರೆಸಿಟ್ಟುಕೊಂಡರು. ಸುಮಾರು ಎರಡೂವರೆ ವರ್ಷದ ಮೇಲೆ ಅದನ್ನೇ ಮತ್ತೆ ಕೇಳಿದರು. 44 ಜನರಲ್ಲಿ 11 ಜನರ ಉತ್ತರ ಪೂರ್ತಿ ತಪ್ಪು. ಆದರೆ ಧೈರ್ಯಕ್ಕೇನೂ ಕೊರತೆ ಇರಲಿಲ್ಲ. ಅವರದೇ ಕೈಬರಹ ತಂದು ತೋರಿಸಿದರೂ ಹಳೆಯ ನೆನಪು ವಾಪಸ್ ಬರಲಿಲ್ಲ. ಅಂದರೆ ನಿಮ್ಮಲ್ಲೂ ಎಷ್ಟೋ ಜನ ನಡೆಯದೇ ಇದ್ದದ್ದನ್ನು ನೆನೆದು ಕಣ್ಣೀರು ಹಾಕುತ್ತಿದ್ದೀರಿ. ಹಾಕಿ, ನನ್ನ ಅಭ್ಯಂತರವಿಲ್ಲ. ಆ ಕಣ್ಣೀರನ್ನು ಅಕ್ಕರೆಯ ಅಳತೆಗೋಲು ಮಾಡಿ ನನ್ನ ಮುಂದೆ ತರಬೇಡಿ.

ಈಗ ಅಪ್ಪನ ವಿಷಯ. ಇದನ್ನು ಬರೆಯಬೇಕೋ ಬೇಡವೋ ಅಂತ ಯೋಚಿಸಿ ಬರೆಯುತ್ತಿದ್ದೇನೆ.

ಅಪ್ಪ ಹೋದ ದಿನ ನನಗೆ ನೆನಪಿಲ್ಲ. ಕಣ್ಣು ಮುಚ್ಚಿದರೆ ಅವರ ಮುಖ ಬರಲ್ಲ, ದನಿ ಕೇಳಲ್ಲ. ನಾನು ತುಂಬ ಅತ್ತೆ ಅಂತ ಅಕ್ಕ ಹೇಳಿದ್ದಾಳೆ. ಪ್ರತಿ ವರ್ಷ ಆ ದಿನ ಬಂದಾಗ ಅಕ್ಕ, ತಮ್ಮ ಇಬ್ಬರೂ ಕುಸಿದುಹೋಗುತ್ತಾರೆ. ನಾನು ಅವರಿಗೆ ನೀರು ತಂದುಕೊಡುತ್ತೇನೆ, ಬಂದವರನ್ನು ಮಾತಾಡಿಸುತ್ತೇನೆ, ಖರ್ಚಿನ ಲೆಕ್ಕ ಬರೆಯುತ್ತೇನೆ. "ಗಟ್ಟಿಗಿತ್ತಿ" ಅನ್ನುತ್ತಾರೆ ಕೆಲವರು. "ಕಲ್ಲು" ಅಂತ ಒಬ್ಬರು ಹೇಳಿದ್ದು ಕಿವಿಗೆ ಬಿದ್ದಿದೆ. ಎರಡೂ ಅಲ್ಲ ನಾನು. ಅವರು ಆ ದಿನಕ್ಕೆ ಮರಳಿ ಹೋಗುತ್ತಾರೆ, ನನಗೆ ಹೋಗಲು ದಾರಿಯಿಲ್ಲ. ಆದರೆ ಅಪ್ಪನಂತೆ ನಾನೂ ಚಪ್ಪಲಿ ಬಿಟ್ಟ ಮೇಲೆ ಬಗ್ಗಿ ಎರಡನ್ನೂ ಜೋಡಿಸಿಡುತ್ತೇನೆ. ಯಾರಾದರೂ ಜೋರಾಗಿ ಮಾತಾಡಿದರೆ ಅವರಂತೆಯೇ ದನಿ ಇನ್ನೂ ತಗ್ಗಿಸುತ್ತೇನೆ. ಇದನ್ನು ಯಾವಾಗ ಕಲಿತೆ ಗೊತ್ತಿಲ್ಲ. ಅವರಿಂದ ಅಂತ ಗೊತ್ತು. ಕೆಲವು ದಿನ ಅಕ್ಕನ ಅಳು ನೋಡಿ ಹೊಟ್ಟೆಕಿಚ್ಚಾಗುತ್ತದೆ. ಹೌದು, ಅಳುವವರನ್ನು ಕಂಡು ಹೊಟ್ಟೆಕಿಚ್ಚು. ಬೈಯುವುದಾದರೆ ಬೈದುಬಿಡಿ.

2010ರಲ್ಲಿ ಅಯೋವಾ ವಿಶ್ವವಿದ್ಯಾಲಯದವರು ಪ್ರಕಟಿಸಿದ ಒಂದು ಪರೀಕ್ಷೆ ಇದೆ. ಮೆದುಳಿಗೆ ಹಾನಿಯಾಗಿ ಹೊಸ ನೆನಪೇ ನಿಲ್ಲದ ಐದು ಜನ. ಅವರಿಗೆ ದುಃಖದ ಸಿನಿಮಾ ತುಣುಕುಗಳನ್ನು ತೋರಿಸಿದರು, ಬೇರೆ ಸಲ ಖುಷಿಯವನ್ನು ತೋರಿಸಿದರು. ಸ್ವಲ್ಪ ಹೊತ್ತಿನಲ್ಲೇ ನೋಡಿದ್ದು ಮರೆತುಹೋಯಿತು. ಆದರೆ ದುಃಖ ಉಳಿದಿತ್ತು, ಖುಷಿಯೂ ಉಳಿದಿತ್ತು. ಯಾಕೆ ಬೇಜಾರು ಅಂತ ತಿಳಿಯದಿದ್ದರೂ ಬೇಜಾರು ಹೋಗಿರಲಿಲ್ಲ. ಅವರದ್ದು ಆಮೇಲೆ ಆದ ಹಾನಿ, ನನ್ನದು ಹುಟ್ಟಿನಿಂದ ಬಂದ ರೀತಿ, ಎರಡೂ ಒಂದೇ ಅಂತ ನಾನು ಹೇಳುತ್ತಿಲ್ಲ. ಆದರೆ ಕಾರಣ ಮರೆತರೂ ಭಾವನೆ ಇರಬಲ್ಲದು ಅಲ್ವಾ? ನಾನು ಇಷ್ಟು ವರ್ಷ ಬಾಯಿ ಬಡಿದುಕೊಂಡದ್ದು ಅದನ್ನೇ.

ಪರೀಕ್ಷೆ ಗಿರೀಕ್ಷೆ ಬೇಡ ಅನ್ನುವವರಿಗೆ ಇನ್ನೊಂದು ಹೇಳುತ್ತೇನೆ. ನಿಮ್ಮ ಮೊದಲ ಮೂರು ವರ್ಷ ನಿಮಗೆ ನೆನಪಿದೆಯಾ? ಹೆಚ್ಚಿನವರಿಗೆ ಮೊದಲ ನೆನಪು ಮೂರು, ಮೂರೂವರೆ ವಯಸ್ಸಿನ ಸುಮಾರಿನದ್ದು. ಅದಕ್ಕಿಂತ ಹಿಂದಿನದು ಬಹುತೇಕ ಎಲ್ಲರಿಗೂ ಖಾಲಿ. ಅಮ್ಮ ಎತ್ತಿಕೊಂಡದ್ದು, ಜ್ವರ ಬಂದಾಗ ರಾತ್ರಿಯಿಡೀ ತೋಳಲ್ಲಿಟ್ಟು ಓಡಾಡಿದ್ದು, ನೀವು ಅವಳ ಸೆರಗು ಬಿಡದೆ ಅತ್ತದ್ದು, ಒಂದೂ ನಿಮ್ಮ ತಲೆಯಲ್ಲಿಲ್ಲ. ಹಾಗಂತ ಮೂರು ವರ್ಷದೊಳಗಿನ ಮಗುವಿಗೆ ಅಮ್ಮನ ಮೇಲೆ ಪ್ರೀತಿಯೇ ಇರಲಿಲ್ಲ ಅಂತ ಯಾರಾದರೂ ಹೇಳುತ್ತಾರಾ? ಆ ಮೂರು ವರ್ಷಕ್ಕೆ ನೀವು ನಿಮಗೆ ನೀವೇ ಮಾಫಿ ಕೊಟ್ಟುಕೊಂಡಿದ್ದೀರಿ. ನನಗೆ ಅದೇ ಮಾಫಿಯನ್ನು ಇನ್ನೊಂದಿಷ್ಟು ವರ್ಷಕ್ಕೆ ವಿಸ್ತರಿಸಿ ಅಂದರೆ ಮಾತ್ರ ನಾನು ಕಲ್ಲು.

ಫೋನ್ ಮಾಡಿ "ಯಾರು ಹೇಳು ನೋಡೋಣ?" ಅನ್ನುವವರ ಬಗ್ಗೆ ಬರೆಯಲು ಹೊರಟರೆ ಇನ್ನೊಂದು ಪೋಸ್ಟ್ ಆಗುತ್ತದೆ. ಅವರಿಗೆ ನೇರ "ರಾಂಗ್ ನಂಬರ್" ಅಂದು ಇಟ್ಟುಬಿಡುತ್ತೇನೆ.

ಮುಂದಿನ ತಿಂಗಳು ನಮ್ಮ ಬ್ಯಾಚಿನವರು ಸೇರುತ್ತಿದ್ದಾರೆ. ಬರುತ್ತೇನೆ, ಖಂಡಿತ. ಕಥೆ ಹೇಳಿ, ಉಪ್ಪು ಖಾರ ಹಚ್ಚಿಯೇ ಹೇಳಿ. ನಾನಿದ್ದ ಕಥೆಯನ್ನೂ ಮೊದಲ ಸಲ ಕೇಳುವ ಹಾಗೆ ಕೇಳುತ್ತೇನೆ, ನಗುವ ಕಡೆ ಬಿದ್ದು ಬಿದ್ದು ನಗುತ್ತೇನೆ. ನನಗಿಂತ ಒಳ್ಳೆಯ ಕೇಳುಗರು ನಿಮಗೆ ಸಿಗಲ್ಲ. ಆದರೆ "ನೆನಪಿಲ್ವೇನೇ? ನಿಜ ಹೇಳು, ಒಂಚೂರೂ ನೆನಪಿಲ್ವಾ?" ಅಂತ ಎಲ್ಲರೆದುರು ಪರೀಕ್ಷೆಗೆ ಕೂರಿಸಿದರೆ ಎದ್ದು ಹೊರಡುತ್ತೇನೆ. ಯಾರಾದರೂ ಇದನ್ನು ಗ್ರೂಪಿಗೆ ಹಾಕಿಬಿಡಿ. ನಾನೇ ಹಾಕಿದರೆ ಚೆನ್ನಾಗಿರಲ್ಲ.