ಮೂರು ಪಿನ್ನಿನ ಬಾಣಂತಿಕೋಣೆ

ಇಸ್ತ್ರಿಪೆಟ್ಟಿಗೆಯ ಪಿನ್ನು ಗೋಡೆಯ ಸಾಕೆಟ್ಟಿನೊಳಗೆ ಹೋಗಲೊಲ್ಲದು. ಒತ್ತಿದೆ, ಅಲುಗಾಡಿಸಿದೆ, ಬೈದೆ. ಕೊನೆಗೆ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರೆ, ಮೂರು ತೂತುಗಳಲ್ಲಿ ಮೇಲಿನ ದೊಡ್ಡ ತೂತಿಗೆ ಯಾರೋ ಮಣ್ಣು ಮೆತ್ತಿ, ಕರಣೆ ಎಳೆದಷ್ಟು ನುಣ್ಣಗೆ ಮಾಡಿಟ್ಟಿದ್ದರು. ಮನೆ ಕಟ್ಟಿಸುವಾಗ ನನಗೆ ಸಿಕ್ಕಿದ ಯಾವ ಗಾರೆಯವನೂ ಅಷ್ಟು ಚೆನ್ನಾಗಿ ಕೆಲಸ ಮಾಡಿರಲಿಲ್ಲ.

ಎಲೆಕ್ಟ್ರಿಷಿಯನ್ ಬಂದು ಮೇನ್ ಆರಿಸಿ, ಸಾಕೆಟ್ ಬಿಚ್ಚಿ, ತೆಳುವಾದ ಸ್ಕ್ರೂಡ್ರೈವರಿನಿಂದ ಕೆರೆದ. ಮೊದಲು ಒಣಮಣ್ಣು ಪುಡಿಪುಡಿಯಾಗಿ ಉದುರಿತು. ಆಮೇಲೆ ಒಂದು ಹಸಿರು ಹುಳ. ಅದರ ಹಿಂದೆ ಇನ್ನೊಂದು. ಒಟ್ಟು ಐದು ಹುಳಗಳು ಅಂಗೈಯಗಲದ ಕಾಗದದ ಮೇಲೆ ಬಿದ್ದವು. "ಸಾರ್, ನಿಮ್ಮ ಮನೆಗೆ ಬರುತ್ತಿರುವುದು ಕರೆಂಟೋ, ಕೋಸಿನ ಹುಳವೋ?" ಎಂದು ಕೇಳಿದ. ಇನ್ನೂರು ರೂಪಾಯಿ ತೆಗೆದುಕೊಂಡ. ಹುಳ ತೆಗೆದದ್ದಕ್ಕೆ ಬೇರೆ ದುಡ್ಡು ಬೇಡ ಎಂದದ್ದು ಅವನ ದೊಡ್ಡತನ.

ಅಮ್ಮ ಮಾತ್ರ ಸಿಟ್ಟಾದರು. ಕುಂಬಾರ ಹುಳ, ಅಂದರೆ ಮಣ್ಣಿನ ಗೂಡಿನ ಕಣಜ, ಗೂಡು ಕಟ್ಟಿದರೆ ಮನೆಯಲ್ಲಿ ಯಾರೋ ಬಸುರಿ ಎಂದು ಅರ್ಥ, ಅದನ್ನು ಒಡೆಯಬಾರದು ಎಂಬುದು ಅವರ ಲೆಕ್ಕ. ನಮ್ಮ ಮನೆಯಲ್ಲಿ ಹೆಂಗಸರ ಪೈಕಿ ಚಿಕ್ಕವಳೆಂದರೆ ಐವತ್ತೆರಡು ತುಂಬಿದ ನನ್ನ ಹೆಂಡತಿ. ಆ ಸಾಧ್ಯತೆ ಇದ್ದದ್ದು ಬೆಕ್ಕಿಗೊಂದೇ. ತಿಂಗಳು ಕಳೆಯುವುದರೊಳಗೆ ಅದು ಅಟ್ಟದ ಮೇಲೆ ಮೂರು ಮರಿ ಹಾಕಿತು. ಅಮ್ಮ ಏನೂ ಹೇಳಲಿಲ್ಲ. ನನ್ನ ಕಡೆಗೊಮ್ಮೆ ನೋಡಿದರು, ಅಷ್ಟೆ.

ಕನ್ನಡದಲ್ಲಿ ಕಣಜವೆಂದರೆ ಭತ್ತ ತುಂಬಿಡುವ ಜಾಗವೂ ಹೌದು, ಮುಟ್ಟಿದರೆ ಕಚ್ಚುವ ಹುಳವೂ ಹೌದು. ಈ ಎರಡಕ್ಕೂ ಒಂದೇ ಹೆಸರು ಹೇಗೆ ಬಂತೋ ಭಾಷೆ ಬಲ್ಲವರು ಹೇಳಬೇಕು. ಆದರೆ ಅಂದು ಸಾಕೆಟ್ಟಿನ ಎದುರು ನಿಂತಾಗ ನನಗೆ ಎರಡೂ ಒಂದೇ ಎನಿಸಿತು. ಅದು ಗೂಡಲ್ಲ, ಉಗ್ರಾಣ. ಬೆಂಕಿಕಡ್ಡಿಯಿಂದ ಮುಟ್ಟಿದರೆ ಹುಳಗಳು ಇಷ್ಟಿಷ್ಟೇ ಮಿಸುಕಿದವು. ಸತ್ತಿರಲಿಲ್ಲ. ತಾಯಿ ಕಣಜ ಹುಳವನ್ನು ಕುಟುಕಿ, ಕೊಲ್ಲದೆ, ಕೈಕಾಲು ಆಡದಂತೆ ಮಾಡಿ ತಂದು ತುಂಬುತ್ತದೆ. ಸತ್ತರೆ ಕೊಳೆಯುತ್ತದಲ್ಲ. ಮೊಟ್ಟೆಯೊಂದನ್ನು ಅಲ್ಲಿ ಮೊದಲೇ ಇಟ್ಟಿರುತ್ತದೆ; ಕೋಣೆ ತುಂಬಿದ ಮೇಲೆ ಬಾಯಿ ಮುಚ್ಚಿ ಹೊರಟುಹೋಗುತ್ತದೆ. ಮರಿ ಹೊರಬಂದಾಗ ಬಿಸಿಯೂಟ ಸಿದ್ಧ. ಫ್ರಿಜ್ಜಿಲ್ಲದೆ ತರಕಾರಿಯನ್ನು ಇಷ್ಟು ದಿನ ತಾಜಾ ಇಡುವ ವಿದ್ಯೆ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಚಿಕ್ಕಂದಿನಲ್ಲಿ ಹರಿಕಥೆಯ ದಾಸರು ಇದನ್ನೇ ಬೇರೆ ರೀತಿ ಹೇಳುತ್ತಿದ್ದರು. ಭ್ರಮರಕೀಟ ನ್ಯಾಯ. ಭ್ರಮರ ಒಂದು ಕೀಟವನ್ನು ತಂದು ಗೂಡಿನಲ್ಲಿಟ್ಟು, ಅದರ ಸುತ್ತ ಝೇಂಕರಿಸುತ್ತದೆ; ಕೀಟ ಹೆದರಿ ಹಗಲಿರುಳು ಭ್ರಮರವನ್ನೇ ಧ್ಯಾನಿಸಿ ಕೊನೆಗೆ ತಾನೂ ಭ್ರಮರವೇ ಆಗಿ ಹಾರಿಹೋಗುತ್ತದೆ; ಗುರುವನ್ನು ಧ್ಯಾನಿಸುವ ಶಿಷ್ಯನೂ ಹಾಗೆಯೇ. ವಚನಕಾರರಿಗೂ ಈ ಹುಳ ಗೊತ್ತಿತ್ತು; ಅವರು ಅದನ್ನು ಕುಂಡಲಿಗ ಎಂದರು. ಹಳಬರ ಕಣ್ಣು ಸಾಮಾನ್ಯವಲ್ಲ. ಒಳಗೆ ಹೋದದ್ದು ಹಸಿರು ಹುಳ, ಹೊರಗೆ ಬಂದದ್ದು ಕಣಜ, ಎರಡನ್ನೂ ಸರಿಯಾಗಿಯೇ ನೋಡಿದ್ದಾರೆ. ಝೇಂಕಾರವೂ ಸುಳ್ಳಲ್ಲ. ಕಿಟಕಿಯ ಚೌಕಟ್ಟಿನಲ್ಲಿ ಇನ್ನೊಂದು ಗೂಡು ಏಳುತ್ತಿದ್ದಾಗ ನಾನೇ ಕಿವಿಯಿಟ್ಟು ಕೇಳಿದ್ದೇನೆ. ಹಸಿಮಣ್ಣಿನ ಉಂಡೆ ತಂದು ಅಂಚಿಗೆ ಮೆತ್ತುವಾಗ ಅದು 'ಝೀಂ' ಎಂದು ಸಣ್ಣಗೆ ಸ್ವರ ಹಿಡಿಯುತ್ತದೆ, ಮೈಯನ್ನೇ ನಡುಗಿಸಿ ಮಣ್ಣನ್ನು ಹರಡುತ್ತದೆ. ಉಂಡೆ ಮುಗಿದರೆ ಸ್ವರವೂ ನಿಲ್ಲುತ್ತದೆ. ಅದು ಮಂತ್ರೋಪದೇಶವಲ್ಲ, ಗಾರೆ ಕೆಲಸದ ಸದ್ದು. ಮಣ್ಣಿನ ಬಾಗಿಲ ಹಿಂದೆ ನಡೆದದ್ದೊಂದು ಮಾತ್ರ ಹಳಬರಿಗೆ ಕಾಣಲಿಲ್ಲ: ಶಿಷ್ಯ ಅಲ್ಲಿ ಗುರುವಾಗುವುದಿಲ್ಲ, ಗುರುಪುತ್ರನ ಊಟವಾಗುತ್ತಾನೆ.

ಇದನ್ನು ಎದುರು ಮನೆಯ ನಿವೃತ್ತ ಮೇಷ್ಟ್ರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಟ್ಯೂಷನ್ ಎಂದರೆ ಈಗಲೂ ಅದೇ ಅಲ್ಲವೇ?" ಎಂದರು.

ಈ ಕುಂಬಾರ ಹುಳದಿಂದ ಆಗುವ ತೊಂದರೆಯೆಂದರೆ ತೂತುಗಳ ಮೇಲಿನ ಅದರ ಮೋಹ. ಬೀಗದ ಕೈ ತೂತು, ಬಳಸದ ನಲ್ಲಿ, ಕಿಟಕಿಯ ಬೋಲ್ಟಿನ ಗುಂಡಿ ಯಾವುದಾದರೂ ಆದೀತು. 2013ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ಒಂದು ದೊಡ್ಡ ವಿಮಾನ ಮೇಲೇರಿದ ಮೇಲೆ ವೇಗದ ಅಂಕಿ ತಾಳೆಯಾಗದೆ ವಾಪಸ್ಸು ಇಳಿಯಬೇಕಾಯಿತು. ವೇಗ ಅಳೆಯುವ ಕೊಳವೆಯೊಳಗೆ ಕಣಜ ಮಣ್ಣು ಮೆತ್ತಿತ್ತು. ನನ್ನ ಇಸ್ತ್ರಿಪೆಟ್ಟಿಗೆ ಯಾವ ಲೆಕ್ಕ? ಈಗ ಬಳಸದ ಸಾಕೆಟ್ಟುಗಳಿಗೆಲ್ಲ ಪ್ಲಾಸ್ಟಿಕ್ ಬಿರಡೆ ಹಾಕಿದ್ದೇನೆ. ಗೋಡೆಯ ಮೂಲೆಯಲ್ಲೋ ಫೋಟೋ ಹಿಂದೆಯೋ ಕಟ್ಟಿದರೆ ಅದರ ಪಾಡಿಗೆ ಬಿಡುತ್ತೇನೆ. ಅದು ಒಂಟಿ ಜೀವ. ಕೈಯಲ್ಲಿ ಹಿಡಿದು ಹಿಂಸಿಸಿದರೆ ಹೊರತು ಮೇಲೆ ಬೀಳುವುದಿಲ್ಲ. ಗೂಡಿನಲ್ಲಿ ಗುಂಡನೆಯ ತೂತು ಕಂಡರೆ ಬಾಡಿಗೆದಾರ ಖಾಲಿ ಮಾಡಿದ್ದಾನೆಂದು ಅರ್ಥ. ಆಗ ಕೆರೆದು ತೆಗೆದರಾಯಿತು.

ಗುಂಪಿನಲ್ಲಿ ಬಾಳುವ ಕಡಜದ ಮಾತು ಬೇರೆ. ಸಾಗರದ ಕಡೆಯ ನಮ್ಮ ಊರಿನಲ್ಲಿ ಅಡಿಕೆ ಕೊಯ್ಯಲು ಬರುವ ಕೊನೆಗೌಡ ಮರ ಹತ್ತುವ ಮೊದಲು ತಲೆಯೆತ್ತಿ ಮರದ ತುದಿಯನ್ನು ಒಮ್ಮೆ ಸುತ್ತಲೂ ನೋಡುತ್ತಿದ್ದ. ನಲವತ್ತು ಅಡಿ ಎತ್ತರದಲ್ಲಿ ಕಡಜ ಎದ್ದರೆ ಓಡಲು ಜಾಗವಿಲ್ಲ. ಒಮ್ಮೆ ಕೊಟ್ಟಿಗೆಯ ಹಿಂದಿನ ಮಾವಿನ ಮರದಲ್ಲಿ ಕೊಡದಷ್ಟು ದೊಡ್ಡ ಗೂಡು ಕಟ್ಟಿಕೊಂಡಿತು. ನಮ್ಮ ಚಿಕ್ಕಪ್ಪ ಶೂರ. ರಾತ್ರಿ ಊಟವಾದ ಮೇಲೆ ಕಂಬಳಿ ಹೊದ್ದು, ಉದ್ದನೆಯ ಬಿದಿರಿನ ತುದಿಗೆ ತೆಂಗಿನ ಗರಿಯ ಸೂಡಿ ಕಟ್ಟಿ, ಸೀಮೆಎಣ್ಣೆ ಸುರಿದು ಹೊರಟರು. ನಾವು ಮಕ್ಕಳೆಲ್ಲ ಕಿಟಕಿಯಲ್ಲಿ. ಗೂಡಿಗೆ ಬೆಂಕಿ ಮುಟ್ಟಿದ್ದು ನಿಜ. ಉರಿಯುತ್ತಿದ್ದ ಒಂದು ತುಂಡು ಕೆಳಗಿದ್ದ ಹುಲ್ಲುಗೊಣಬೆಯ ಮೇಲೆ ಬಿದ್ದದ್ದೂ ಅಷ್ಟೇ ನಿಜ. ಹಿಡಿಯಷ್ಟು ಹುಳಕ್ಕಾಗಿ ಒಂದು ವರ್ಷದ ಹುಲ್ಲು ಹೋಯಿತು. ತಪ್ಪಿಸಿಕೊಂಡ ಕಡಜಗಳು ಬೆಳಕಿದ್ದ ಕಡೆಗೇ, ಅಂದರೆ ಚಿಕ್ಕಪ್ಪನ ಕಡೆಗೇ ಬಂದವು. ಆಮೇಲೆ ಅವರು ಮೂರು ದಿನ ಒಂದೇ ಕಣ್ಣಿನಲ್ಲಿ ಪೇಪರ್ ಓದಿದರು. ಬೆಂಕಿಯ ಉಪಾಯವನ್ನು ನಾನು ಅಂದೇ ಕೈಬಿಟ್ಟೆ. ಓಡಾಡುವ ಜಾಗದಲ್ಲಿ ಕಡಜ ದೊಡ್ಡ ಗೂಡು ಕಟ್ಟಿದರೆ ಅದನ್ನು ಮೈತುಂಬ ರಕ್ಷಣೆ ತೊಟ್ಟು, ಆ ಕೆಲಸ ಬಲ್ಲವರೇ ತೆಗೆಯಬೇಕು. ಮನೆಯ ಯಜಮಾನನ ಪೌರುಷ ಪ್ರದರ್ಶನಕ್ಕೆ ಬೇರೆ ಜಾಗಗಳಿವೆ. ನನ್ನ ಮಟ್ಟಿಗೆ ನಾನು ಮಾಡುವುದೆಂದರೆ, ಬೆಳಿಗ್ಗೆ ಎದ್ದು ಸೀಬೆ ಮರದ ಕೆಳಗೆ ಬಿದ್ದ ಹಣ್ಣುಗಳನ್ನು ಆರಿಸಿ ಬಿಸಾಡುವುದು. ಕೊಳೆತ ಹಣ್ಣಿನ ವಾಸನೆಗೆ ಅವು ನೆಂಟರಂತೆ ಬರುತ್ತವೆ.

ಇವೆರಡರ ನಡುವೆ ಕಾಗದದ ಕಣಜವಿದೆ. ನನಗೂ ಅದಕ್ಕೂ ಇರುವುದು ದಾಯಾದಿ ಸಂಬಂಧ. ಅಂಗಳದ ಹಳೆಯ ಮರದ ಬೆಂಚಿನ ಮೇಲೆ ಕೂತು ಓದುವಾಗ ಪಕ್ಕದಲ್ಲಿ 'ಕರಕರ' ಎಂಬ ಸದ್ದು. ನೋಡಿದರೆ ಕಣಜ ಬೆಂಚನ್ನು ಹಲ್ಲಿನಿಂದ ಹೆರೆಯುತ್ತಿದೆ. ಹೆರೆದದ್ದನ್ನು ಎಂಜಲಿನಲ್ಲಿ ಅಗಿದು ಕಾಗದ ಮಾಡುತ್ತದೆ. ಬೂದುಬಣ್ಣದ ಆರು ಮೂಲೆಯ ಕೋಣೆಗಳು ಬಾಯಿ ಕೆಳಗಾಗಿ ಒಂದು ಸಣ್ಣ ತೊಟ್ಟಿನಿಂದ ನೇತಾಡುತ್ತವೆ. ಇರುವೆ ಹತ್ತದಂತೆ ಆ ತೊಟ್ಟಿಗೆ ಏನೋ ಸವರುತ್ತವೆ, ಅಮ್ಮ ಸಕ್ಕರೆ ಡಬ್ಬಿಯ ಸುತ್ತ ಅರಿಸಿನ ಹಾಕಿದ ಹಾಗೆ. ಅದು ಮರದಿಂದ ಕಾಗದ ಮಾಡುತ್ತದೆ, ನಾನು ಕಾಗದವನ್ನು ಹಾಳುಮಾಡುತ್ತೇನೆ. ಒಂದೇ ಉದ್ಯಮದ ಎರಡು ತುದಿ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗ್‌ಕರ್ ಅವರು ರೋಪಾಲಿಡಿಯ ಮಾರ್ಜಿನೇಟ ಎಂಬ ಇಂಥ ಕಣಜವನ್ನು ದಶಕಗಳ ಕಾಲ ಅಭ್ಯಾಸ ಮಾಡಿದರು. ಒಂದೊಂದಕ್ಕೂ ಬಣ್ಣದ ಚುಕ್ಕೆಯಿಟ್ಟು, ಯಾರು ಯಾರ ಮೇಲೆ ಜೋರು ಮಾಡುತ್ತಾರೆ, ಯಾರು ಮೇವು ತರುತ್ತಾರೆ ಎಂದು ಲೆಕ್ಕವಿಟ್ಟರು. ತಿಳಿದದ್ದು ಸ್ವಾರಸ್ಯವಾಗಿದೆ. ಗೂಡಿನ ರಾಣಿ ಸಾಧು ಪ್ರಾಣಿ, ಯಾರ ಮೇಲೂ ಏರಿಹೋಗುವುದಿಲ್ಲ. ಆದರೆ ಅವಳನ್ನು ಗೂಡಿನಿಂದ ತೆಗೆದರೆ ಸ್ವಲ್ಪ ಹೊತ್ತಿನಲ್ಲೇ ಕೆಲಸದವರಲ್ಲಿ ಒಬ್ಬಳು ಇದ್ದಕ್ಕಿದ್ದಂತೆ ರೌದ್ರಾವತಾರ ತಾಳುತ್ತಾಳೆ. ರಾಣಿಯನ್ನು ಮರಳಿ ತಂದಿಟ್ಟರೆ ಮತ್ತೆ ತೆಪ್ಪಗಾಗುತ್ತಾಳೆ. ತರದಿದ್ದರೆ ಕೆಲವು ದಿನಗಳಲ್ಲಿ ಅವಳೇ ರಾಣಿಯಾಗಿ ಮೊಟ್ಟೆಯಿಟ್ಟು ಸಾಧುವಾಗುತ್ತಾಳೆ. ಅಮ್ಮ ತಂಗಿಯ ಮನೆಗೆ ಹೋದ ದಿನ ನಾನೂ ಹಾಗೆಯೇ. ಅರ್ಧ ಗಂಟೆಯಲ್ಲಿ ಅಡುಗೆಮನೆಗೆ ನುಗ್ಗಿ, ಹಾಲಿನ ಲೆಕ್ಕ ಕೇಳಿ, ಒಗ್ಗರಣೆಯ ಡಬ್ಬಿಗಳ ಜಾಗ ಬದಲಾಯಿಸಿ ರಂಪ ಮಾಡುತ್ತೇನೆ. ಅಮ್ಮನ ಆಟೋ ಗೇಟಿಗೆ ಬಂದ ಕೂಡಲೇ ಲೋಟ ತೊಳೆಯಲು ನಿಲ್ಲುತ್ತೇನೆ. ನನ್ನ ಮೇಲೆ ಚುಕ್ಕೆಯಿಡುವವರಿಲ್ಲ, ಅಷ್ಟೆ ಸಮಾಧಾನ.

ಈ ಕಣಜಗಳು ಕೋಸಿನ ಮಡಿಯಿಂದ ಹಸಿರು ಹುಳವನ್ನು ಅಗಿದು ಉಂಡೆ ಮಾಡಿ ಹೊತ್ತೊಯ್ಯುವುದನ್ನು ಕಂಡಂದಿನಿಂದ ಅವುಗಳ ಮೇಲೆ ನನಗೆ ಗೌರವ. ನಮ್ಮ ಅತ್ತಿಹಣ್ಣು ಬಿಚ್ಚಿದರೆ ಹಾರುವ ಪುಟ್ಟ ಹುಳಗಳೂ ಕಣಜದ ಕುಲದವೇ. ಅವು ಒಳಹೊಕ್ಕು ಪರಾಗ ಮುಟ್ಟಿಸದಿದ್ದರೆ ಅತ್ತಿಗೆ ಬೀಜ ಕಟ್ಟುವುದೇ ಇಲ್ಲ.

ಗೌರವವಿದ್ದರೂ ಕಚ್ಚಿಸಿಕೊಂಡಿದ್ದೇನೆ. ಕಳೆದ ಮಳೆಗಾಲದ ಕೊನೆಗೆ ದಾಸವಾಳದ ಬೇಲಿ ಕತ್ತರಿಸುತ್ತಿದ್ದೆ. ಎಲೆಗಳ ಮರೆಯಲ್ಲಿ ಗೂಡಿತ್ತು. ಮೊದಲು ಕಿವಿಗೆ, ಆಮೇಲೆ ಹಣೆಗೆ, ಓಡುವಾಗ ಕತ್ತಿಗೆ. ಕೈ ಬೀಸಬಾರದು, ಮೆಲ್ಲನೆ ಹಿಂದೆ ಸರಿಯಬೇಕು ಎಂದು ಓದಿ ತಿಳಿದಿದ್ದೆ. ಆ ಗಳಿಗೆಯಲ್ಲಿ ಓದಿದ್ದು ಕಾಲಿಗೆ ಇಳಿಯಲಿಲ್ಲ. ಅಮ್ಮ ಎಲೆಯಡಿಕೆ ತಟ್ಟೆಯಿಂದ ಸುಣ್ಣ ತಂದು ಬಳಿದರು. ಮೇಷ್ಟ್ರು ಈರುಳ್ಳಿ ಎಂದರು. ದಾರಿಹೋಕರೊಬ್ಬರು ಕಬ್ಬಿಣ ಉಜ್ಜಿ ಎಂದು ಗೇಟಿನ ಕೀಲಿ ಕೊಟ್ಟರು. ಕಡೆಗೆ ಡಾಕ್ಟರು ಇವನ್ನೆಲ್ಲ ತೊಳೆಸಿ, ಸೋಪು ನೀರು ಮತ್ತು ಐಸು ಸಾಕು ಎಂದರು. ಜೇನು ಮುಳ್ಳು ಬಿಟ್ಟು ಸಾಯುತ್ತದೆ, ಕಣಜ ಮುಳ್ಳು ಬಿಡುವುದಿಲ್ಲ, ಒಂದೇ ಹುಳ ಮತ್ತೆ ಮತ್ತೆ ಚುಚ್ಚಬಲ್ಲದು ಎಂದೂ ವಿವರಿಸಿದರು. ಉಸಿರು ಕಟ್ಟಿದರೆ, ಗಂಟಲು ನಾಲಗೆ ಊದಿದರೆ, ಮೈಯೆಲ್ಲ ದದ್ದೆದ್ದು ತಲೆ ತಿರುಗಿದರೆ ಮಾತ್ರ ಸುಣ್ಣ ಹುಡುಕುತ್ತ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಓಡಿ ಎಂದದ್ದನ್ನು ಅಮ್ಮನ ಮುಂದೆ ಎರಡು ಸಲ ಹೇಳಿಸಿದೆ. ಈಗ ಬೇಲಿ ಕತ್ತರಿಸುವ ಮೊದಲು ಉದ್ದನೆಯ ಕೋಲಿನಿಂದ ಅಲುಗಾಡಿಸಿ ದೂರ ನಿಂತು ಕಾಯುತ್ತೇನೆ.

ಗೂಡನ್ನು ತಡೆಯಬೇಕಾದದ್ದು ಮೊಳಕೆಯಲ್ಲೇ. ಸೂರಿನ ಕೆಳಗೆ ಒಂದೋ ಎರಡೋ ಕಣಜ, ನಾಲ್ಕೈದು ಕೋಣೆ ಕಂಡಾಗ ಉದ್ದನೆಯ ಕೋಲಿನಿಂದ ತಟ್ಟಿ ಕೆಡವಿದರೆ ಅವು ಬೇರೆ ಜಾಗ ನೋಡಿಕೊಳ್ಳುತ್ತವೆ. ಇದನ್ನು ನಾನು ಬೀದಿಯಲ್ಲಿ ಎಲ್ಲರಿಗೂ ಹೇಳಿದ್ದೇನೆ. ಯುಗಾದಿ ಕಳೆದ ವಾರ ನಮ್ಮ ಕಾಲಿಂಗ್ ಬೆಲ್ಲಿನ ಮೇಲೆಯೇ ನಾಲ್ಕು ಕೋಣೆ ಎದ್ದವು. ಪೊರಕೆಗೆ ಕೋಲು ಕಟ್ಟಿಕೊಂಡು ಹೋದೆ. ಅಲ್ಲಿದ್ದ ಒಂದೇ ಒಂದು ಕಣಜ ರೆಕ್ಕೆ ನಿಗುರಿಸಿ, ಮುಂಗಾಲೆತ್ತಿ ನನ್ನನ್ನೇ ನೋಡಿತು. ನಾಳೆ ನೋಡೋಣ ಎಂದು ಪೊರಕೆ ಇಳಿಸಿದೆ.

ಈಗ ಅರವತ್ತು ಕೋಣೆಗಳಾಗಿವೆ. ಬೆಲ್ಲಿನ ತಂತಿ ಬಿಚ್ಚಿಸಿ, ಗೇಟಿಗೆ "ಬೆಲ್ ಒತ್ತಬೇಡಿ, ಕೂಗಿ" ಎಂದು ರಟ್ಟು ಬರೆದು ಕಟ್ಟಿದ್ದೇನೆ. ಹಾಲಿನವನು ಕೂಗುತ್ತಾನೆ, ಮೀಟರ್ ಓದುವವನು ಸೀಟಿ ಹಾಕುತ್ತಾನೆ. ಮೇಷ್ಟ್ರು ಮಾತ್ರ ಚಿಲಕ ಬಡಿದು, ನಾನು ಹಿಂಬಾಗಿಲಿನಿಂದ ಮನೆ ಸುತ್ತಿ ಬರುವವರೆಗೂ ರಟ್ಟಿನ ಮೇಲಿನ ಅಕ್ಷರಗಳನ್ನು ತಿದ್ದುವವರಂತೆ ನೋಡುತ್ತಾ ನಿಂತಿರುತ್ತಾರೆ.