ತೂತಿಲ್ಲದ ಫೋನು

ಹೊಸ ಫೋನ್ ತಗೊಂಡು ಊರಿಗೆ ಹೋಗಿದ್ದೆ. ಪಾಂಡವಪುರದ ಕಡೆ ನಮ್ಮೂರು. ಜಗಲಿ ಮೇಲೆ ಕೂತಿದ್ದ ಅಪ್ಪನ ಕೈಗೆ ಫೋನ್ ಕೊಟ್ಟೆ. ಅವರು ಬೆಲೆ ಕೇಳಲಿಲ್ಲ, ಕ್ಯಾಮೆರಾ ನೋಡಲಿಲ್ಲ. ಜಾತ್ರೆಯಲ್ಲಿ ಎತ್ತಿನ ಹಲ್ಲು ನೋಡುವ ಹಾಗೆ ಅತ್ತ ಇತ್ತ ತಿರುಗಿಸಿ, ಅಂಚಿನ ಸುತ್ತ ಹೆಬ್ಬೆರಳು ಆಡಿಸಿ, ಕೊನೆಗೆ "ಏನ್ಲಾ ಇದು, ಪಿನ್ ಚುಚ್ಚೋ ತೂತೇ ಇಲ್ವಲ್ಲ. ಉಸ್ರೆಂಗಾಡ್ತದೆ?" ಅಂದರು.

ನಕ್ಕೆ. ಆದರೆ ತೂತಿಲ್ಲ ಅಂತ ತಗೊಳ್ಳೋವಾಗ ನನಗೂ ಗೊತ್ತಿರಲಿಲ್ಲ. ದೇವರಾಜ ಅರಸು ರಸ್ತೆಯ ಅಂಗಡಿ ಹುಡುಗ ಅರ್ಧ ಗಂಟೆ ಮೆಗಾಪಿಕ್ಸೆಲ್ ಪಾಠ ಮಾಡಿದ್ದ. ಫೋನಿನಲ್ಲಿ ಇರೋದನ್ನೆಲ್ಲ ಹೇಳಿದ. ಇಲ್ಲದ್ದನ್ನು ಯಾವ ಅಂಗಡಿಯವನು ತಾನೇ ಹೇಳ್ತಾನೆ? ಮನೆಗೆ ಬಂದು, ಹಳೇ ಇಯರ್‌ಫೋನ್ ಹಿಡ್ಕೊಂಡು, ಫೋನಿಗೆ ಮೂರು ಪ್ರದಕ್ಷಿಣೆ ಹಾಕಿದ ಮೇಲೇ ತಿಳಿದದ್ದು. ಎಲ್ಲರ ಮನೆ ದೋಸೆನೂ ತೂತೇ ಅಂತಾರೆ. ನನ್ನದು ಮಾತ್ರ ತೂತಿಲ್ಲದ ದೋಸೆ. ತೂತು ಬಂದಿಲ್ಲ ಅಂದ್ರೆ ಹಿಟ್ಟು ಹುದುಗಿಲ್ಲ ಅಂತ ಅರ್ಥ, ಅಲ್ವಾ?

ಮೂರೂವರೆ ಮಿಲಿಮೀಟರ್ ತೂತು ಅದು. ಸಣ್ಣದು ಅಂತ ಹಗುರವಾಗಿ ನೋಡಬೇಡಿ, ಅದಕ್ಕೆ ದೊಡ್ಡ ವಂಶವೇ ಇದೆ. ಹಿಂದೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತವರು ಹಲಗೆಯ ಒಂದು ತೂತಿನಿಂದ ಇನ್ನೊಂದಕ್ಕೆ ವೈರ್ ಚುಚ್ಚಿ ಕರೆ ಜೋಡಿಸುತ್ತಿದ್ದರಲ್ಲ, 19ನೇ ಶತಮಾನದ ಆ ಕಾಲು ಇಂಚಿನ ಪಿನ್ನೇ ಇದರ ಮುತ್ತಾತ. ಎಲೆಕ್ಟ್ರಿಕ್ ಗಿಟಾರಿಗೆ ಇವತ್ತಿಗೂ ಚುಚ್ಚೋದು ಅದನ್ನೇ. ಟ್ರಾನ್ಸಿಸ್ಟರ್ ರೇಡಿಯೋ ಬಂದಾಗ ಅದರ ಪುಟ್ಟ ತಮ್ಮ ಈ ಮೂರೂವರೆಯವನು ಹೊರಗೆ ಬಂದ. 1979ರಲ್ಲಿ ಸೋನಿ ಕಂಪನಿ ಮೊದಲ ವಾಕ್‌ಮನ್ ಮಾಡಿದಾಗ ಅದಕ್ಕೆ ಒಂದಲ್ಲ, ಎರಡು ತೂತು ಇಟ್ಟಿತ್ತು. ಒಬ್ಬರೇ ಕಿವಿಗೆ ಸಿಕ್ಕಿಸಿಕೊಂಡು ಕೂರೋದು ಮರ್ಯಾದೆಯಲ್ಲ ಅಂತ ಕಂಪನಿಯ ಅಕಿಯೋ ಮೊರಿಟಾಗೆ ಅನಿಸಿತ್ತಂತೆ. ಜೊತೆಗೆ ಕಿತ್ತಳೆ ಬಣ್ಣದ ಒಂದು ಬಟನ್. ಒತ್ತಿದರೆ ಹಾಡು ತಗ್ಗಿ ಪಕ್ಕದವರ ಮಾತು ಕೇಳಿಸೋದು. ಮುಂದಿನ ಮಾಡೆಲ್‌ಗಳಲ್ಲಿ ಎರಡನೇ ತೂತು ಹೋಯಿತು. ಮರ್ಯಾದೆಯೂ ಅದರ ಹಿಂದೆಯೇ ಹೋಯಿತೋ ಏನೋ.

ನಾವು ಮಾನಸಗಂಗೋತ್ರಿಯಲ್ಲಿ ಓದುವಾಗ ಇದ್ದದ್ದು ಒಂದೇ ತೂತಿನ ಫೋನು. ಎಡಗಿವಿ ನಿನಗೆ, ಬಲಗಿವಿ ನನಗೆ ಅಂತ ಪಾಲು ಮಾಡಿಕೊಂಡು ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೀತಿದ್ದೆವು. ವೈರ್ ಗಿಡ್ಡ. ಹಾಗಾಗಿ ಭುಜಕ್ಕೆ ಭುಜ ತಾಗಿಸಿ, ಒಂದೇ ಹೆಜ್ಜೆ ಹಾಕಬೇಕು, ಜೋಡೆತ್ತಿನ ಥರ. ಒಬ್ಬ ಹಕ್ಕಿ ನೋಡೋಕೆ ನಿಂತರೆ ಇನ್ನೊಬ್ಬನ ಕಿವಿ ಖಾಲಿ. ಹಳೇ ಸ್ಟೀರಿಯೋ ಹಾಡಾದರೆ ಇನ್ನೊಂದು ತಮಾಷೆ. ಗೆಳೆಯನಿಗೆ ತಬಲ, ನನಗೆ ಪಿಟೀಲು. ಒಂದೇ ಹಾಡು ಕೇಳಿದೆವು ಅಂತ ಇಬ್ಬರೂ ಅಂದ್ಕೊಂಡಿದ್ದೆವು, ಅಷ್ಟೆ.

ಪಿನ್ ಸರಿಯಾಗಿ ಕೂರದೆ ಅರ್ಧಕ್ಕೆ ನಿಂತರೆ ಏನಾಗ್ತಿತ್ತು, ನೆನಪಿದೆಯಾ? ವಾದ್ಯಗಳೆಲ್ಲ ಇರುತ್ತಿದ್ದವು, ಹಾಡೋರು ಮಾತ್ರ ಬಾವಿಗೆ ಬಿದ್ದವರ ಹಾಗೆ ಎಲ್ಲೋ ಆಳದಲ್ಲಿ. ಎಷ್ಟೋ ವರ್ಷ ಇದೊಂದು ದೆವ್ವದ ಚೇಷ್ಟೆ ಅಂತಲೇ ನಾನು ನಂಬಿದ್ದೆ. ಪಿನ್ನನ್ನು ಹತ್ತಿರದಿಂದ ನೋಡಿದರೆ ಗುಟ್ಟು ತಿಳಿಯುತ್ತದೆ. ಅದರ ಮೇಲೆ ಕಪ್ಪು ಗೆರೆಗಳಿರುತ್ತವೆ. ತುದಿ ಎಡಗಿವಿಯದು. ಮೊದಲ ಗೆರೆ ದಾಟಿದರೆ ಬಲಗಿವಿಯದು. ಅದರಿಂದಾಚೆ ಬುಡದ ಕಡೆ, ಎರಡೂ ಕಿವಿಗೆ ಸೇರಿದ ವಾಪಸ್ ಬರುವ ದಾರಿ. ಆ ವಾಪಸ್ ದಾರಿ ಬಿಟ್ಟುಕೊಂಡರೆ, ಎಡಕ್ಕೂ ಬಲಕ್ಕೂ ಇರುವ ವ್ಯತ್ಯಾಸ ಮಾತ್ರ ಕಿವಿಗೆ ಬೀಳುತ್ತದೆ. ಹಾಡುವವರ ದನಿಯನ್ನು ಸ್ಟುಡಿಯೋದವರು ಸಾಮಾನ್ಯವಾಗಿ ಎರಡೂ ಕಡೆ ಸಮವಾಗಿ ಹಂಚಿರುತ್ತಾರೆ. ಸಮದಲ್ಲಿ ಸಮ ಕಳೆದರೆ ಉಳಿಯೋದು ಸೊನ್ನೆ. ಹಾಗಾಗಿ ಗಾಯಕರು ಮಾಯ! ಪಿನ್ನನ್ನು ಒಂದು ಕೂದಲೆಳೆ ತಿರುಗಿಸಿ, ಉಸಿರು ಬಿಗಿಹಿಡಿದು, ಹಾಂ ಈಗ ಬಂತು ಅಂತ ಹಾಗೇ ಸೆಲ್ಲೋಟೇಪು ಸುತ್ತಿ ಮಲಗಿದವರು ನೀವೂ ಇರಬಹುದು. ನಮ್ಮ ಹಾಸ್ಟೆಲಿನಲ್ಲಂತೂ ಸೆಲ್ಲೋಟೇಪು ಸುತ್ತದ ಇಯರ್‌ಫೋನೇ ಇರಲಿಲ್ಲ. ಬ್ಲೂಟೂತ್ ಕೆಟ್ಟರೆ ಈ ಆಟ ಇಲ್ಲ. ಸುಮ್ನೆ ಸತ್ತುಹೋಗುತ್ತದೆ.

2016ರ ಸೆಪ್ಟೆಂಬರ್‌ನಲ್ಲಿ ಆಪಲ್ ಕಂಪನಿ ಐಫೋನ್ 7ರಿಂದ ಈ ತೂತು ತೆಗೆದು ಹಾಕಿತು. ವೇದಿಕೆ ಮೇಲೆ ಅವರ ಫಿಲ್ ಶಿಲ್ಲರ್ ಇದಕ್ಕೆ ಕೊಟ್ಟ ಕಾರಣ 'ಕರೇಜ್'. ಧೈರ್ಯವಂತೆ! ಕಬ್ಬಿನ ಗದ್ದೆಯಲ್ಲಿ ಚಿರತೆ ಇದೆ ಅಂತ ಗೊತ್ತಿದ್ದೂ ರಾತ್ರಿ ಕರೆಂಟ್ ಬಂದಾಗ ನೀರು ಕಟ್ಟೋಕೆ ಹೋಗೋದಕ್ಕೆ ನಮ್ಮ ಮಂಡ್ಯ ಕಡೆ ಧೈರ್ಯ ಅಂತಾರೆ. ಅದೇ ದಿನ, ಅದೇ ವೇದಿಕೆಯಲ್ಲಿ 159 ಡಾಲರಿನ ವೈರಿಲ್ಲದ ಏರ್‌ಪಾಡ್ಸೂ ಬಂತು. ಊರ ಬಾವಿ ಮುಚ್ಚಿಸಿದವನೇ ಪಕ್ಕದಲ್ಲಿ ನೀರಿನ ಕ್ಯಾನ್ ಅಂಗಡಿ ತೆರೆದ ಹಾಗೆ. ಗೂಗಲ್ ಮುಂದಿನ ತಿಂಗಳೇ ನಮ್ಮ ಪಿಕ್ಸೆಲ್‌ನಲ್ಲಿ ತೂತು ಹಾಗೇ ಇದೆ ನೋಡಿ ಅಂತ ಕಿಚಾಯಿಸಿತು. 2017ರಲ್ಲಿ ಅದರ ಪಿಕ್ಸೆಲ್ 2ರಲ್ಲಿ ತೂತಿಲ್ಲ. ಸ್ಯಾಮ್‌ಸಂಗ್ ಜಾಹೀರಾತು ಮಾಡಿ ಆಪಲನ್ನು ಆಡಿಕೊಂಡಿತು, 2019ರಲ್ಲಿ ನೋಟ್ 10ಕ್ಕೆ ಅದೇ ಗತಿ. ನೀರು ಒಳಗೆ ಹೋಗದಿರಲಿ ಅಂತ ಮುಚ್ಚಿದ್ದು ಎನ್ನುವವರಿದ್ದಾರೆ. ಅದೇ ಸ್ಯಾಮ್‌ಸಂಗಿನ ಎಸ್7, 2016ರಲ್ಲಿ ತೂತು ಇಟ್ಕೊಂಡೇ ನೀರು ತಡೀತಿತ್ತು. ಆ ಮಾತು ಬಿಡಿ.

ವೈರಿಲ್ಲದ್ದರಲ್ಲಿ ಸುಖ ಇಲ್ಲ ಅಂತ ನಾನು ಹೇಳಲ್ಲ. ಅಡುಗೆ ಮಾಡುವಾಗ ಒಗ್ಗರಣೆ ಸೌಟಿಗೆ ವೈರ್ ಸಿಕ್ಕಿಕೊಳ್ಳಲ್ಲ. ಜೇಬಿನಿಂದ ತೆಗೆದಾಗ ಜಡೆ ಬಿಡಿಸೋ ಕೆಲಸ ಇಲ್ಲ. ಆದರೆ ಕಿವಿಗೂ ಚಾರ್ಜ್ ಹಾಕಿ ಮಲಗಬೇಕಾದ ಕಾಲ ಬಂತಲ್ಲ ಅಂತ ಬೇಜಾರು. ಒಳಗಿನ ಕಡಲೆಕಾಳಿನಂಥ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೋತರೆ ಇಡೀ ಜೋಡಿ ಕಸಕ್ಕೆ. ಬಿಚ್ಚಿ ರಿಪೇರಿ ಮಾಡೋಕಾಗುತ್ತಾ ಅಂತ ಸಾಮಾನುಗಳಿಗೆ ಅಂಕ ಕೊಡುವ ಐಫಿಕ್ಸಿಟ್‌ನವರು ಏರ್‌ಪಾಡ್ಸಿಗೆ ಹತ್ತಕ್ಕೆ ಸೊನ್ನೆ ಕೊಟ್ಟಿದ್ದರು. ನನ್ನ ಜೋಡಿಯಂತೂ ಬ್ಯಾಟರಿ ಸೋಲುವವರೆಗೂ ಬಾಳಲಿಲ್ಲ. ಒಂದು ಕಿವಿಯದು ಅದೇ ಕುಕ್ಕರಹಳ್ಳಿ ಕೆರೆಗೆ ಉರುಳಿತು. ಎಡಗಿವಿ ಮೀನಿಗೆ, ಬಲಗಿವಿ ನನಗೆ.

ಆಮೇಲೆ ಗೇಣುದ್ದದ ಬಾಲದಂಥ ಒಂದು ಕನೆಕ್ಟರ್ ತಂದೆ, ಚಾರ್ಜರ್ ಬಾಯಿಗೆ ಚುಚ್ಚಿ ಹಳೇ ಪಿನ್ ಸೇರಿಸೋದು. ಹೆಂಡತಿಯ ಫೋನಿನಲ್ಲಿ ಹಾಡಿತು, ನನ್ನದರಲ್ಲಿ ಮೂಕ. ಕೆಲವು ಫೋನುಗಳು ಆ ಬಾಯಿಂದಲೇ ಹಾಡಿನ ಅಲೆಯನ್ನು ಕಳಿಸುತ್ತವಂತೆ. ಉಳಿದವು ಬರೀ ಅಂಕಿ ಕಳಿಸುತ್ತವೆ, ಅಂಕಿಯನ್ನು ಹಾಡು ಮಾಡುವ ಚಿಪ್ ಬಾಲದೊಳಗೇ ಇರಬೇಕು. ಹೊರಗಿನಿಂದ ಎರಡೂ ಬಾಲ ಒಂದೇ ಥರ. ಹಳೇ ತೂತಿಗೆ ಈ ಮಡಿ ಮೈಲಿಗೆ ಇರಲಿಲ್ಲ. ಸಂತೆಯಲ್ಲಿ ಐವತ್ತು ರೂಪಾಯಿಗೆ ತಂದದ್ದನ್ನೂ ಅದು ಹಾಡಿಸುತ್ತಿತ್ತು.

ಅಪ್ಪನ ತಕರಾರು ಹಾಡಿನದ್ದಲ್ಲ, ರೇಡಿಯೋದ್ದು. 1935ರಲ್ಲಿ ಮೈಸೂರಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲೇ ಶುರು ಮಾಡಿದ ಆಕಾಶವಾಣಿ ಈಗ ಎಫ್‌ಎಂ 100.6ರಲ್ಲಿ ಬರುತ್ತದೆ. ಫೋನಿನಲ್ಲಿ ಅದು ಬರಬೇಕಾದರೆ ಆಂಟೆನಾ ಬೇಕು. ಆ ಆಂಟೆನಾ ಬೇರೇನೂ ಅಲ್ಲ, ಇಯರ್‌ಫೋನಿನ ವೈರೇ. 100.6ರ ಅಲೆಯ ಉದ್ದ ಸುಮಾರು ಮೂರು ಮೀಟರ್. ಅದರ ಕಾಲುಭಾಗ, ಮುಕ್ಕಾಲು ಮೀಟರ್ ತಂತಿ ಸಿಕ್ಕರೂ ಸಾಕು. ತೂತು ಹೋದರೆ ಆ ತಂತಿಯೂ ಹೋಯಿತು. 2023ರಲ್ಲಿ ಕೇಂದ್ರ ಸರ್ಕಾರ, ಎಫ್‌ಎಂ ಇರುವ ಫೋನುಗಳಲ್ಲಿ ಅದನ್ನು ಮುಚ್ಚಿಡಬೇಡಿ ಅಂತ ಕಂಪನಿಗಳಿಗೆ ಸಲಹೆ ಕೊಟ್ಟಿತು. ವೈರ್ ಚುಚ್ಚೋದು ಎಲ್ಲಿಗೆ ಅಂತ ಅಪ್ಪನ ಪ್ರಶ್ನೆ. ಆಪ್‌ನಲ್ಲೂ ಆಕಾಶವಾಣಿ ಬರುತ್ತೆ ಅಂತ ಹಾಕಿ ತೋರಿಸಿದೆ. ಟೀ ಅಂಗಡಿ ರೇಡಿಯೋ ಹೇಳಿ ಮುಗಿಸಿದ್ದನ್ನು ನನ್ನ ಫೋನು ಸಾವಕಾಶವಾಗಿ ಆಮೇಲೆ ಹೇಳಿತು. "ಅಳಸೋಗಿರೋ ಸುದ್ದಿ" ಅಂದು ಅಪ್ಪ ವಾಪಸ್ ಕೊಟ್ಟರು.

ಅವರ ಫೋನು ಏಳು ವರ್ಷದ್ದು, ಗಾಜು ಸೀಳಿದೆ. ಇಯರ್‌ಫೋನಿನ ಎರಡೂ ಕಿವಿ ಸತ್ತು ಎಷ್ಟೋ ಕಾಲವಾಯಿತು. ಆದರೂ ಎಸೆದಿಲ್ಲ, ಕಿವಿ ಸತ್ತರೂ ತಂತಿ ಆಂಟೆನಾ ಕೆಲಸಕ್ಕೆ ಬರುತ್ತೆ. ಪಿನ್ ಚುಚ್ಚಿ, ಸ್ಪೀಕರ್ ಹಾಕಿ, ವೈರಿನ ಇನ್ನೊಂದು ತುದಿಯನ್ನು ಬಟ್ಟೆ ಒಣಗಿಸೋ ನೈಲಾನ್ ಹಗ್ಗಕ್ಕೆ ಕ್ಲಿಪ್ಪು ಹಾಕಿ ಸಿಗಿಸುತ್ತಾರೆ. ಹೊಸದು ಕೊಡಿಸ್ತೀನಿ ಅಂತ ಮತ್ತೆ ಅರಸು ರಸ್ತೆಗೆ ಹೋಗಿ ಕೇಳಿದೆ. "ತೂತಿರೋದಾ ಸಾರ್? ಅದು ಕಮ್ಮಿ ರೇಟಿಂದ್ರಲ್ಲೇ ಜಾಸ್ತಿ ಬರೋದು" ಅಂದ ಹುಡುಗ, ನನ್ನ ಮೇಲೆ ಕನಿಕರಪಟ್ಟು. ಕಮ್ಮಿ ದುಡ್ಡಿಗೆ ತೂತು ಸಿಗುತ್ತೆ, ಜಾಸ್ತಿ ಕೊಟ್ಟರೆ ಸಿಗಲ್ಲ. ಇದ್ಯಾವ ಲೆಕ್ಕ ಅಂತ ಅವನನ್ನು ಕೇಳಲಿಲ್ಲ. ಒಂದು ತಗೊಂಡು ಹೋದೆ.

ಅಪ್ಪ ಅದನ್ನು ಡಬ್ಬದಿಂದ ತೆಗೆದು, ತೂತು ಇದೆಯಾ ಅಂತ ಬೆರಳಾಡಿಸಿ, ಹಾಗೇ ಡಬ್ಬಕ್ಕೆ ಹಾಕಿ ಬೀರುವಿನಲ್ಲಿಟ್ಟರು. ಹಳೇದು ಪೂರ್ತಿ ಸಾಯಲಿ, ಆಮೇಲೆ ನೋಡುವ ಅಂತ. ಆ ಹೊತ್ತಿಗೆ ಸರಿಯಾಗಿ ಸುದ್ದಿ ಶುರುವಾಯಿತು. ಹಿತ್ತಲಲ್ಲಿ ಅವ್ವ ಒದ್ದೆ ಸೀರೆ ಹಿಂಡಿ ಹಗ್ಗದ ಮೇಲೆ ಹರವಿದ್ದೇ ತಡ, ರೇಡಿಯೋ ಬುಸ್ ಅಂದಿತು.

"ಆ ಸೀರೆ ಅತ್ಲಾಗ್ ಎಳ್ಯಮ್ಮೀ, ಕೆಆರ್‌ಎಸ್ ಲೆವೆಲ್ ಯೋಳ್ತಾವ್ರೆ!"

ಸೀರೆ ಪಕ್ಕಕ್ಕೆ ಸರಿಯಿತು. ಅಷ್ಟರಲ್ಲಿ ಕಬಿನಿ ಲೆವೆಲ್ ಬಂದಿತ್ತು.