ಮಳೆ ಕಾಫಿಗೋಸ್ಕರ ಬರುತ್ತಾ?

ನಮ್ಮಂಥ ಬುದ್ಧಿವಂತರು ಹುಟ್ಟಲಿ ಅಂತಲೇ ಈ ವಿಶ್ವವನ್ನು ಯಾರೋ ಲೆಕ್ಕ ಹಾಕಿ ಮಾಡಿದ್ದಾರೆ ಅನ್ನುವ ವಾದ ಆಗಾಗ ಕೇಳುತ್ತೇನೆ. ಗುರುತ್ವ ಸ್ವಲ್ಪ ಆಚೀಚೆ ಆಗಿದ್ದರೆ ನಮ್ಮ ಸೂರ್ಯನಂಥ ನಕ್ಷತ್ರ ಇರುತ್ತಿರಲಿಲ್ಲ, ನಾವೂ ಇರುತ್ತಿರಲಿಲ್ಲ, ಹಾಗಾಗಿ ಇದೆಲ್ಲ ನಮಗೋಸ್ಕರ ಅಂತಾರೆ. ನನಗೆ ದೇವರ ಮೇಲೆ ಸಿಟ್ಟೇನಿಲ್ಲ, ಇಗ್ಗುತ್ತಪ್ಪನಿಗೆ ಕೈ ಮುಗಿಯುವವನೇ. ಆದರೆ ಈ ವಾದ ಮಾತ್ರ ಗಂಟಲಲ್ಲಿ ಇಳಿಯಲ್ಲ.

ನಮ್ಮ ಕೊಡಗಲ್ಲಿ ಫೆಬ್ರವರಿ, ಮಾರ್ಚಲ್ಲಿ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಬೀಳುತ್ತದೆ. ಅದಾಗಿ ವಾರ, ಹತ್ತು ದಿನಕ್ಕೆ ರೊಬಸ್ಟಾ ಕಾಫಿ ತೋಟ ಹೂ ಬಿಟ್ಟು ಪೂರ್ತಿ ಬೆಳ್ಳಗಾಗುತ್ತದೆ, ಆಮೇಲೆ ಇನ್ನೊಂದು ಮಳೆ (ನಾವು ಬ್ಯಾಕಿಂಗ್ ಮಳೆ ಅಂತೀವಿ) ಸಿಕ್ಕಿದರೆ ಕಾಯಿ ಚೆನ್ನಾಗಿ ಕಚ್ಚುತ್ತದೆ. ಹೇಳಿ ಮಾಡಿಸಿದ ಹಾಗಿದೆ ಅಲ್ವಾ? ಆದರೆ ರೊಬಸ್ಟಾ ಆಫ್ರಿಕಾದ ಗಿಡ. ಅದು ಇಲ್ಲಿಗೆ ಬರುವ ಮೊದಲೂ ಈ ಮಳೆ ಬೀಳುತ್ತಿತ್ತು. ಮಳೆ ಇದ್ದ ಕಡೆ ಕಾಫಿ ಉಳಿಯಿತು, ಅಷ್ಟೇ. (ಹೂಮಳೆ ಕೈಕೊಟ್ಟ ವರ್ಷ ಸ್ಪ್ರಿಂಕ್ಲರ್‌ಗೆ ಡೀಸೆಲ್ ಸುರಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.) 1973ರಲ್ಲಿ ಬ್ರ್ಯಾಂಡನ್ ಕಾರ್ಟರ್ ಎನ್ನುವ ವಿಜ್ಞಾನಿ ಹೇಳಿದ್ದೂ ಹೆಚ್ಚುಕಡಿಮೆ ಇದೇ. ಬದುಕೋಕೆ ಆಗದ ಕಡೆ ಇಂಥ ಪ್ರಶ್ನೆ ಕೇಳೋಕೆ ಯಾರೂ ಇರುವುದಿಲ್ಲ.

ಬುದ್ಧಿಯೇ ಗುರಿಯಾಗಿದ್ದರೆ ಇಷ್ಟು ತಡ ಯಾಕೆ? ವಿಶ್ವಕ್ಕೆ ಸುಮಾರು 1380 ಕೋಟಿ ವರ್ಷ. ಭೂಮಿಯಲ್ಲಿ ಜೀವ ಹುಟ್ಟಿಯೇ ಕನಿಷ್ಠ 350 ಕೋಟಿ ವರ್ಷ ಆಯಿತು, ಅದರಲ್ಲಿ ಬಹುಪಾಲು ಕಾಲ ಬರೀ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. 6.6 ಕೋಟಿ ವರ್ಷದ ಹಿಂದೆ ಮೆಕ್ಸಿಕೋ ಕಡೆ ಆಕಾಶದಿಂದ ಆ ದೊಡ್ಡ ಕಲ್ಲು ಬೀಳದಿದ್ದರೆ ಇವತ್ತೂ ಡೈನೋಸಾರ್‌ಗಳದ್ದೇ ಕಾರುಬಾರು ಇರುತ್ತಿತ್ತೇನೋ. ಬುದ್ಧಿ ನಮ್ಮೊಬ್ಬರ ಸ್ವತ್ತೂ ಅಲ್ಲ. ಸೋಲಾರ್ ಬೇಲಿಯ ತಂತಿ ಮುಟ್ಟದೆ, ಪಕ್ಕದ ಮರವನ್ನು ಅದರ ಮೇಲೆ ಕೆಡವಿ, ದಾಟಿ ಬಂದು ಹಲಸಿನ ಹಣ್ಣು ತಿಂದು ಆರಾಮಾಗಿ ವಾಪಸ್ ಹೋಗುವ ಆನೆಗಳು ನಮ್ಮಲ್ಲೇ ಇವೆ. ವಿಶ್ವ ಇರೋದೇ ತಮಗೋಸ್ಕರ ಅಂತ ಅವೂ ಅಂದುಕೊಂಡಿರಬಹುದು, ತೋಟದ ಸ್ಥಿತಿ ನೋಡಿದರೆ ಅವುಗಳ ವಾದವೇ ಗಟ್ಟಿ.

ಒಂದು ವಿಷಯ ಮಾತ್ರ ನನ್ನನ್ನೂ ಕಾಡುತ್ತದೆ. ಕಾರ್ಬನ್, ನಮ್ಮಂಥ ಜೀವಗಳಿಗೆಲ್ಲ ಬೇಕೇ ಬೇಕಾದ ಮೂಲವಸ್ತು. ನಕ್ಷತ್ರದೊಳಗೆ ಎರಡು ಹೀಲಿಯಂ ಕೂಡಿ ಬೆರಿಲಿಯಂ ಆಗುತ್ತದೆ, ಆದ ತಕ್ಷಣ ಒಡೆದೂ ಹೋಗುತ್ತದೆ, ಅಷ್ಟರೊಳಗೆ ಮೂರನೇ ಹೀಲಿಯಂ ಬಂದು ಸೇರಬೇಕು. ಸುಮ್ನೆ ಬಿಟ್ಟರೆ ಇಷ್ಟೊಂದು ಕಾರ್ಬನ್ ಆಗೋದೇ ಇಲ್ಲ. ಕಾರ್ಬನ್‌ನಲ್ಲಿ ಇದಕ್ಕೆ ಹೊಂದುವ ಒಂದು ಶಕ್ತಿಮಟ್ಟ, ಅಂದರೆ ಆ ಮೂರೂ ಸೇರುವಾಗಿನ ಶಕ್ತಿಗೆ ಸರಿಯಾಗಿ ಕೂರುವ ಒಂದು ಮೆಟ್ಟಿಲು, ಇರಲೇಬೇಕು ಅಂತ 1953ರಲ್ಲಿ ಬ್ರಿಟನ್ನಿನ ಖಗೋಳ ವಿಜ್ಞಾನಿ ಫ್ರೆಡ್ ಹಾಯ್ಲ್ ಹೇಳಿದರು. ಅಮೆರಿಕದ ಕ್ಯಾಲ್ಟೆಕ್ ವಿಶ್ವವಿದ್ಯಾಲಯದವರು ಹುಡುಕಿದರೆ ನಿಜವಾಗಿಯೂ ಇತ್ತು, ಸುಮಾರು 7.65 ದಶಲಕ್ಷ ಎಲೆಕ್ಟ್ರಾನ್ ವೋಲ್ಟ್ (ಇದು ಶಕ್ತಿ ಅಳೆಯುವ ಮಾನ) ಹತ್ತಿರ. ಯಾವುದೋ ದೊಡ್ಡ ಬುದ್ಧಿ ಭೌತಶಾಸ್ತ್ರದಲ್ಲಿ ಕೈಯಾಡಿಸಿದೆ ಅಂತ ಮುಂದೆ ಹಾಯ್ಲ್‌ಗೇ ಅನ್ನಿಸಿತು. ಆದರೆ ಅವತ್ತು ಅವರು ಲೆಕ್ಕ ಹಾಕಿದ್ದು ನಕ್ಷತ್ರದಲ್ಲಿ ಕಾರ್ಬನ್ ಹೇಗಾಯಿತು ಅಂತ, ಮನುಷ್ಯ ಹೇಗಾದ ಅಂತಲ್ಲ. ಆ ಮಟ್ಟ ಅಲ್ಲೇ ಯಾಕಿದೆ ಅಂದರೆ ನನ್ನ ಹತ್ತಿರ ಉತ್ತರ ಇಲ್ಲ. ವಿಶ್ವಗಳು ಎಷ್ಟೋ ಇವೆ, ಅದರಲ್ಲಿ ಒಂದು ಹೀಗಾಗಿದೆ ಅನ್ನುವವರ ಕೈಯಲ್ಲೂ ಪುರಾವೆ ಇಲ್ಲ. ಫಿಸಿಕ್ಸ್ ಓದಿದವರು ಯಾರಾದರೂ ಇದ್ದರೆ ಕೆಳಗೆ ಬರೆಯಿರಿ, ಜಗಳಕ್ಕೂ ನಾನು ರೆಡಿ.